ಕಣ್ಣು ಕಾಣದವರು ಒಬ್ಬರೇ ಊರು ಬಿಟ್ಟು ಹೊರಟರೆ ಬಸ್ಸಾ, ರೈಲಾ? ಹೇಗೆ ತೀರ್ಮಾನ ಮಾಡುತ್ತೀರಿ?

ವಿದ್ಯಾನಗರದ ಹುಡುಗ:
ಎಲ್ಲರಿಗೂ ನಮಸ್ಕಾರ. ದಾವಣಗೆರೆಯವನು, ವಯಸ್ಸು 27. ನನಗೆ ಆರ್.ಪಿ. ಇದೆ, ಅಂದ್ರೆ ರೆಟಿನೈಟಿಸ್ ಪಿಗ್ಮೆಂಟೋಸಾ. ಹಗಲಲ್ಲಿ ಪೈಪಿನೊಳಗಿಂದ ನೋಡಿದ ಹಾಗೆ ನಡುವೆ ಒಂದಿಷ್ಟು ಕಾಣುತ್ತದೆ, ಅಕ್ಕಪಕ್ಕ ಏನೂ ಇಲ್ಲ. ಸಂಜೆ ಆಯ್ತು ಅಂದ್ರೆ ಅದೂ ಬಂದ್.

ಬೆಂಗಳೂರಿನಲ್ಲಿ ಮೂರು ತಿಂಗಳ ಕಂಪ್ಯೂಟರ್ ತರಬೇತಿಗೆ ಸೀಟು ಸಿಕ್ಕಿದೆ. ಉಳಿಯೋಕೆ ಹಾಸ್ಟೆಲ್ ಇದೆ. ತಲೆನೋವು ಇರೋದು ಹೋಗಿ ಬರೋದರಲ್ಲಿ. ಎರಡು ವಾರಕ್ಕೊಮ್ಮೆ ಊರಿಗೆ ಬರಬೇಕು ಅಂತ ಅಮ್ಮನ ಹಟ, ಬಂದರೆ ತಮ್ಮನ ಜೊತೆಗೇ ಬರಬೇಕು ಅಂತ ಇನ್ನೊಂದು ಹಟ. ಅವನಿಗೆ ಅಂಗಡಿ ಬಿಟ್ಟು ಬರೋಕೆ ಆಗಲ್ಲ. ಮಾವ ಅಂತೂ "ಇಲ್ಲೇ ಏನಾದ್ರೂ ಮಾಡ್ಕೊಂಡಿರಪ್ಪ" ಅಂದುಬಿಟ್ಟರು.

ಬಸ್ಸೋ ರೈಲೋ ಅಂತ ನೀವೆಲ್ಲ ಹೇಗೆ ತೀರ್ಮಾನ ಮಾಡುತ್ತೀರಿ? ಮೊದಲು ಏನು ನೋಡುತ್ತೀರಿ? (ನೋಡುತ್ತೀರಿ ಅಂದಿದ್ದಕ್ಕೆ ಕ್ಷಮಿಸಿ 😀)

ಹರಿಹರ ಪ್ಯಾಸೆಂಜರ್:
ರೈಲು. ಮುಗೀತು.

ಮಂಡಕ್ಕಿ ಮಿರ್ಚಿ:
ಬಸ್ಸು. ಅರ್ಧ ಗಂಟೆಗೊಂದು ಸಿಗುತ್ತೆ. ರೈಲು ತಪ್ಪಿದರೆ ಆ ದಿನ ಪೂರ್ತಿ ಹಾಳು.

ದುರ್ಗದ ಮಾಸ್ತರ್:
ತಮ್ಮಾ, ಇಬ್ಬರೂ ಅವಸರ ಮಾಡಿದರು. ನನಗೆ ಹುಟ್ಟಿನಿಂದ ಕಣ್ಣಿಲ್ಲ. ಚಿತ್ರದುರ್ಗದ ಹತ್ತಿರ ಹಳ್ಳಿಯೊಂದರಲ್ಲಿ ಮೇಷ್ಟ್ರು, ಸುಮಾರು ಇಪ್ಪತ್ತು ವರ್ಷದಿಂದ ಒಬ್ಬನೇ ಓಡಾಡುತ್ತಿದ್ದೇನೆ. ನಾನು ಮೊದಲು ಕೇಳೋದು ದುಡ್ಡಲ್ಲ, ಎಷ್ಟು ಗಂಟೆ ಪ್ರಯಾಣ ಅಂತಾನೂ ಅಲ್ಲ. "ಎಲ್ಲಿ ಇಳಿಸ್ತಾರೆ?" ಅಷ್ಟೇ. ಕಣ್ಣಿದ್ದವರಿಗೆ ಪ್ರಯಾಣ ಅಂದ್ರೆ 260 ಕಿಲೋಮೀಟರು. ನಮಗೆ ಅದು ಇಳಿದ ಮೇಲಿನ ನೂರು ಮೀಟರು.

ಒಂದು ಸಲ ಬೆಂಗಳೂರಿಂದ ಬರುವಾಗ ಆತುರಕ್ಕೆ ಬಿದ್ದು ಊರೊಳಗೆ ಹೋಗದ ಒಂದು ಬಸ್ ಹತ್ತಿದೆ. "ದುರ್ಗ ಬಂತು, ಇಳೀರಿ" ಅಂದರು. ಇಳಿದೆ. ಬಸ್ ಹೋಯಿತು. ಕಾಲ ಕೆಳಗೆ ಜಲ್ಲಿ. ಎಡಗಡೆ ಲಾರಿ, ಬಲಗಡೆಯೂ ಲಾರಿ, ಪ್ರತಿ ಲಾರಿ ಹೋದಾಗ ಗಾಳಿಗೆ ಅಂಗಿ ಮೈಗೆ ಅಂಟಿಕೊಳ್ಳೋದು. ಬಸ್ ಸ್ಟ್ಯಾಂಡಿನ ಗದ್ದಲ ಇಲ್ಲ, ಚಹಾ ಅಂಗಡಿ ಇಲ್ಲ, "ಹೊಸದುರ್ಗ ಹೊಸದುರ್ಗ" ಅಂತ ಕೂಗೋರಿಲ್ಲ. ಬೈಪಾಸು. ಸಮಯ ರಾತ್ರಿ ಹತ್ತೂವರೆ. ನನಗೆ ರಾತ್ರಿ ಹಗಲು ಒಂದೇ, ಆದರೆ ದಾರಿ ಹೇಳೋ ಜನ ರಾತ್ರಿ ಇರಲ್ಲವಲ್ಲ! ಕೋಲಿಗೆ ಕಬ್ಬಿಣದ ತಡೆಬೇಲಿ ಸಿಕ್ಕಿತು. ಅದನ್ನೇ ಹಿಡಿದುಕೊಂಡು ನಲವತ್ತು ನಿಮಿಷ ನಿಂತೆ. ಕೊನೆಗೆ ಹಾಲಿನ ಗಾಡಿಯವನೊಬ್ಬ ನಿಲ್ಲಿಸಿದ.

ಅವತ್ತಿಂದ ಕಂಡಕ್ಟರ್ ಬಾಯಲ್ಲಿ "ಬಸ್ ಸ್ಟ್ಯಾಂಡ್ ಒಳಗೆ ಹೋಗುತ್ತೆ" ಅಂತ ಕೇಳಿಸಿಕೊಳ್ಳದೆ ಮೆಟ್ಟಿಲು ಹತ್ತಲ್ಲ. ಎರಡು ಗಂಟೆ ತಡ ಆದರೂ ಸರಿ.

ಮಂಡಕ್ಕಿ ಮಿರ್ಚಿ:
ಮಾಸ್ತರೇ, ಎನ್.ಎಚ್. 4ರ ಮೇಲೆ ನಮ್ಮನ್ನೂ ಹೀಗೇ ಇಳಿಸುತ್ತಾರೆ. ಇದರಲ್ಲಿ ಕಣ್ಣಿನ ಮಾತೇನು ಬಂತು?

ಹರಿಹರ ಪ್ಯಾಸೆಂಜರ್:
ಅದೀಗ ಎನ್.ಎಚ್. 48.

ಮಂಡಕ್ಕಿ ಮಿರ್ಚಿ:
ಬೋರ್ಡಿಗೆ 48, ನಮಗೆ ಇವತ್ತಿಗೂ 4.

ದುರ್ಗದ ಮಾಸ್ತರ್:
ನಿಮ್ಮನ್ನು ಇಳಿಸಿದರೆ ದೂರದ ದೀಪ ನೋಡಿ ನಡೆಯುತ್ತೀರಿ. ನಾನು ಯಾವ ಕಡೆ ಮುಖ ಮಾಡಿ ನಿಂತಿದ್ದೇನೆ ಅನ್ನೋದೇ ನನಗೆ ಗೊತ್ತಿರಲ್ಲ. ಕಣ್ಣಿನ ಮಾತು ಅದು.

ಶಾಂತಕ್ಕ ಚನ್ನಗಿರಿ:
ಇಷ್ಟೆಲ್ಲ ಕಷ್ಟ ಯಾಕಪ್ಪ? ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗು. ನಿನ್ನ ತಾಯಿ ಹೇಳೋದರಲ್ಲಿ ತಪ್ಪೇನಿದೆ? ಹೆತ್ತ ಕರುಳು.

ಎಂ.ಸಿ.ಸಿ. ಬಿ ಬ್ಲಾಕ್:
ಶಾಂತಕ್ಕ, ಬೇಜಾರಾಗಬೇಡಿ. ನನಗೂ ಕಣ್ಣು ಕಾಣಲ್ಲ, ಒಂದು ಬ್ಯಾಂಕಿನಲ್ಲಿ ಕೆಲಸ. ಮದುವೆಗೆ ಮುಂಚೆ ಅಪ್ಪ ಬರೋರು, ಆಮೇಲೆ ಇವರು. ಜೊತೆಗೆ ಯಾರಾದರೂ ಇದ್ದರೆ ಏನಾಗುತ್ತೆ ಗೊತ್ತಾ? ಯಾವತ್ತು ಹೋಗಬೇಕು ಅಂತ ಅವರು ತೀರ್ಮಾನ ಮಾಡುತ್ತಾರೆ. ಅವರಿಗೆ ರಜೆ ಸಿಕ್ಕಿದ ದಿನ ನನಗೆ ಪ್ರಯಾಣ. ತಂಗಿ ಹೆರಿಗೆ ಆದಾಗ ಮೂರು ದಿನ ಕಾದೆ, ಇವರ ಆಡಿಟ್ ಮುಗಿಯೋ ತನಕ. ಕೂಸಿನ ಮೊದಲ ಅಳು ಫೋನಿನಲ್ಲಿ ಕೇಳಿದೆ. ಆಮೇಲೆ ಒಬ್ಬಳೇ ಹೋಗೋದು ಕಲಿತೆ.

ಶಾಂತಕ್ಕ ಚನ್ನಗಿರಿ:
ಸರಿನಮ್ಮ. ಅದನ್ನು ನಾನು ಯೋಚನೆ ಮಾಡಿರಲಿಲ್ಲ.

ಟಿಕೆಟ್ ಟಿಕೆಟ್ (ನಿವೃತ್ತ):
31 ವರ್ಷ ಕಂಡಕ್ಟರ್ ಆಗಿದ್ದೆ. ನಮ್ಮ ಕಡೆಯ ಮಾತೂ ಕೇಳಿ. ಬಹಳ ಜನ ಬಸ್ ಹತ್ತುವಾಗಲೇ "ಇಂಥಲ್ಲಿ ಇಳಿಸಿ" ಅಂತ ಹೇಳಿ ಸುಮ್ಮನಾಗುತ್ತಾರೆ. ಆಗ ನಮ್ಮ ತಲೆ ಸೀಟು ಎಣಿಸೋದರಲ್ಲಿ, ಚಿಲ್ಲರೆಯಲ್ಲಿ, ಕಂಟ್ರೋಲರ್ ಹತ್ತಿರ ಎಂಟ್ರಿ ಹಾಕಿಸೋದರಲ್ಲಿ ಇರುತ್ತದೆ. ಕೇಳಿಸಿದರೂ ನೆನಪಿರಲ್ಲ, ಸತ್ಯ ಹೇಳುತ್ತಿದ್ದೇನೆ. ಹತ್ತುವಾಗ ಒಂದು ಸಲ ಹೇಳಿ, ಟಿಕೆಟ್ ಕೊಡುವಾಗ ಇನ್ನೊಂದು ಸಲ ಹೇಳಿ, ಊಟಕ್ಕೆ ನಿಲ್ಲಿಸಿ ಮತ್ತೆ ಹೊರಟಾಗ ಮೂರನೇ ಸಲ. ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತರೆ ಡ್ರೈವರಿಗೂ ಕೇಳಿಸಲಿ. ಊಟದ ಹೋಟೆಲಿನಲ್ಲಿ ನಾಲ್ಕೈದು ಬಸ್ ಒಟ್ಟಿಗೆ ನಿಂತಿರುತ್ತವೆ. ಇಳಿಯೋ ಮೊದಲು ಬಸ್ ನಂಬರಿನ ಕೊನೆಯ ನಾಲ್ಕು ಅಂಕಿ ಕೇಳಿ ಇಟ್ಟುಕೊಳ್ಳಿ.

ಎಂ.ಸಿ.ಸಿ. ಬಿ ಬ್ಲಾಕ್:
ಆ ನಾಲ್ಕು ಅಂಕಿ ಲಕ್ಷ ರೂಪಾಯಿ ಮಾತು ಅಣ್ಣಾರೆ. ನಾನು ಒಮ್ಮೆ ಬೇರೆ ಬಸ್ ಹತ್ತಿ ಯಾರದೋ ಬ್ಯಾಗಿನ ಮೇಲೆ ಕೂತಿದ್ದೇನೆ. 😀

ಇನ್ನೊಂದು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ನಮಗೆ ಟಿಕೆಟ್ ಖರ್ಚಿಲ್ಲ, ಒಳ್ಳೆಯದೇ. ಆದರೆ ಶನಿವಾರ ಸಂಜೆ, ಹಬ್ಬದ ಹಿಂದಿನ ದಿನ ಬಸ್ ಹತ್ತೋಕಾಗಲ್ಲ. ಬಾಗಿಲ ಹತ್ತಿರ ನೂಕಾಟದಲ್ಲಿ ಕೋಲು ಎಲ್ಲಿ ಹೋಯಿತು ಅಂತಾನೇ ತಿಳಿಯಲ್ಲ. ಹಾಗಾಗಿ ನಾನು ಹೊರಡೋದು ವಾರದ ನಡುವೆ, ಬೆಳಿಗ್ಗೆ ಹತ್ತೂವರೆ ಮೇಲೆ. ಆಫೀಸು, ಕಾಲೇಜು ಜನ ಖಾಲಿಯಾಗಿರುತ್ತಾರೆ.

ಜಗಳೂರು ಗಾಳಿ:
ಪಾಸಿನ ಬಗ್ಗೆ ಯಾರೂ ಹೇಳಲಿಲ್ಲ. ಕೆ.ಎಸ್.ಆರ್.ಟಿ.ಸಿ. ಅಂಧರಿಗೆ ಉಚಿತ ಪಾಸ್ ಕೊಡುತ್ತದೆ, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಬೇಕು. ಕೆಂಪು ಬಸ್ಸಿಗೆ ನಡೆಯುತ್ತದೆ, ರಾಜಹಂಸಕ್ಕಿಲ್ಲ. ಅದು ಸರಿ. ಆದರೆ ನಮ್ಮ ಕಡೆ ಎಷ್ಟೋ ಹಳ್ಳಿಗೆ ಓಡೋದು ಖಾಸಗಿ ಬಸ್ ಮಾತ್ರ. ಪಾಸ್ ಜೇಬಿನಲ್ಲಿಟ್ಟುಕೊಂಡು ದುಡ್ಡು ಕೊಟ್ಟು ಹೋಗುತ್ತೇವೆ. ಹಾಗಂತ ಖಾಸಗಿಯವರನ್ನು ಬೈಯಲ್ಲ. ನಮ್ಮೂರ ಬಸ್ಸಿನ ಕ್ಲೀನರ್ ನನ್ನನ್ನು ಮನೆ ಬಾಗಿಲಿಗೇ ಇಳಿಸುತ್ತಾನೆ. ಸರ್ಕಾರಿ ಬಸ್ಸಿನಲ್ಲಿ ದುಡ್ಡು ಉಳಿಯುತ್ತದೆ, ಖಾಸಗಿಯಲ್ಲಿ ಜೀವಕ್ಕೆ ಸಮಾಧಾನ. ಯಾವುದು ಬೇಕೋ ಆ ದಿನದ ಜೇಬು ಹೇಳುತ್ತೆ.

ಹರಿಹರ ಪ್ಯಾಸೆಂಜರ್:
ಈಗ ನಾನು ಉದ್ದ ಬರೆಯುತ್ತೇನೆ. ರೈಲು ಯಾಕೆ ಅಂದ್ರೆ ಅದು ತನ್ನ ಜಾಗದಲ್ಲೇ ನಿಲ್ಲುತ್ತದೆ, ಬೈಪಾಸಿನಲ್ಲಿ ಇಳಿಸಲ್ಲ. ಶೌಚಾಲಯ ಒಳಗೇ ಇದೆ, ಇದು ಸಣ್ಣ ಮಾತಲ್ಲ. ಬಸ್ಸಿನಲ್ಲಿ ಹೋಗೋ ದಿನ ಕಣ್ಣು ಕಾಣದ ನಮ್ಮಣ್ಣ ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ, ಹೋಟೆಲಿನ ಹಿಂದೆ ಯಾರನ್ನ ಕೇಳಿಕೊಂಡು ಹೋಗೋದು ಅಂತ. ಬೋಗಿಗಳಲ್ಲಿ ಸೀಟಿನ ನಂಬರು ಬ್ರೈಲ್‌ನಲ್ಲೂ ಇರುತ್ತದೆ. 2023ರ ಜೂನ್‌ನಲ್ಲಿ ಶುರುವಾದ ಧಾರವಾಡದ ವಂದೇ ಭಾರತ್ ದಾವಣಗೆರೆಯಲ್ಲೂ ನಿಲ್ಲುತ್ತದೆ, ಮುಂದಿನ ಸ್ಟೇಷನ್ ಯಾವುದು ಅಂತ ಒಳಗೇ ಕೂಗುತ್ತದೆ.

ದುಡ್ಡಿನ ವಿಷಯ: ಕಣ್ಣು ಪೂರ್ತಿ ಕಾಣದವರಿಗೆ ಸ್ಲೀಪರ್, ಸೆಕೆಂಡ್ ಕ್ಲಾಸ್, ಥರ್ಡ್ ಎ.ಸಿ.ಯಲ್ಲಿ 75% ರಿಯಾಯಿತಿ. ಜೊತೆಗೆ ಬರೋ ಒಬ್ಬರಿಗೂ ಅಷ್ಟೇ. ಒಬ್ಬರೇ ಹೋದರೂ ಸಿಗುತ್ತದೆ. ರೈಲ್ವೆಯ ಕಾರ್ಡ್ ಮಾಡಿಸಿಕೊಂಡರೆ ಮನೆಯಲ್ಲೇ ಕೂತು ಟಿಕೆಟ್ ತೆಗೆಯಬಹುದು. ಕಾರ್ಡಿಗೆ ನಮ್ಮದು ರೈಲ್ವೆಯ ಮೈಸೂರು ವಿಭಾಗ.

ವಿದ್ಯಾನಗರದ ಹುಡುಗ:
ಅಣ್ಣ, ನಿಮ್ಮ "ಪೂರ್ತಿ ಕಾಣದವರಿಗೆ" ಅನ್ನೋ ಮಾತಿನಲ್ಲೇ ನಾನು ಹೊರಗೆ ಬಿದ್ದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಹೇಳೋ 21 ಬಗೆಯ ಅಂಗವೈಕಲ್ಯದಲ್ಲಿ ಅಂಧತ್ವ ಬೇರೆ, ಮಂದದೃಷ್ಟಿ ಬೇರೆ. ಯು.ಡಿ.ಐ.ಡಿ. ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇದೆ, ಆದರೆ ರೈಲಿನ ರಿಯಾಯಿತಿಗೆ ನಾನು "ಕಾಣುವವನು". ಕತ್ತಲಲ್ಲಿ ಪ್ಲಾಟ್‌ಫಾರ್ಮಿನ ಅಂಚು ನನಗೆ ಗೊತ್ತಾಗಲ್ಲ, ಅದಕ್ಕೆ ಯಾವ ಹೆಸರೋ.

ಅಶೋಕ ರೋಡ್ ಗೇಟು:
ಒಂದು ನೇರ ಪ್ರಶ್ನೆ, ಕೋಪ ಬೇಡ. ಮೊಬೈಲಲ್ಲಿ ಟೈಪ್ ಮಾಡುತ್ತೀರಿ, ಓದುತ್ತೀರಿ. ಹಾಗಾದರೆ ಸ್ವಲ್ಪ ಕಾಣುತ್ತದಲ್ಲ? ಬಿಳಿ ಕೋಲು ಯಾಕೆ ಬೇಕು?

ವಿದ್ಯಾನಗರದ ಹುಡುಗ:
ಮೊಬೈಲ್ ಅಂಗೈಯಷ್ಟು, ಆ ಪೈಪಿನಲ್ಲಿ ಹಿಡಿಸುತ್ತದೆ. ಗುಂಡಿ ಹಿಡಿಸಲ್ಲ. ಇನ್ನು ಕೋಲು... ನಿಜ ಹೇಳಬೇಕಂದ್ರೆ ಮಡಚೋ ಕೋಲು ಬ್ಯಾಗಿನಲ್ಲೇ ಇದೆ. ನಮ್ಮ ಬೀದಿಯಲ್ಲಿ ಇನ್ನೂ ತೆಗೆದಿಲ್ಲ. "ಅಯ್ಯೋ ಪೂರ್ತಿ ಹೋಯ್ತಾ" ಅಂತ ಕೇಳುತ್ತಾರೆ ಅಂತ.

ದುರ್ಗದ ಮಾಸ್ತರ್:
ಹೊರಗೆ ತೆಗಿ. ಕೋಲು ನೆಲ ತಟ್ಟೋಕೆ ಮಾತ್ರ ಅಲ್ಲ, ಎದುರಿಗೆ ಬರೋರಿಗೆ ತಿಳಿಸೋಕೂ ಹೌದು. ಕೋಲಿಲ್ಲದೆ ಒಬ್ಬರಿಗೆ ಡಿಕ್ಕಿ ಹೊಡೆದರೆ "ಕುಡಿದಿದೀಯಾ" ಅಂತಾರೆ. ನಿನ್ನಂಥವರಿಗೇ ಅದು ಜಾಸ್ತಿ ಬೇಕು.

ಬೆಂಗಳೂರು ಸೇರಿದ ದಾವಣಗೆರೆಯವ:
ರೈಲಿನ ಪರ ಮಾತಾಡೋರು ಒಂದು ಮರೆತಿರಿ. ನಮ್ಮ ಬೋಗಿ ಎಲ್ಲಿ ನಿಲ್ಲುತ್ತೆ? ಎರಡು ನಿಮಿಷ ನಿಲುಗಡೆಯಲ್ಲಿ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ಓಡೋರು ಯಾರು? ನಾನು ಕಂಡುಕೊಂಡ ದಾರಿ ಬೇರೆ. ಬಸ್ಸಿನಲ್ಲಿ ಬಂದು 8ನೇ ಮೈಲಿಯಲ್ಲಿ ಇಳಿದು ದಾಸರಹಳ್ಳಿ ಮೆಟ್ರೋ ಹತ್ತೋದು. ಮೆಟ್ರೋದಲ್ಲಿ ನೆಲದ ಮೇಲೆ ಉಬ್ಬು ಟೈಲ್ಸ್ ಇದೆ, ಕನ್ನಡದಲ್ಲಿ ಸ್ಟೇಷನ್ ಹೇಳುತ್ತೆ, ಸಿಬ್ಬಂದಿಗೆ ಹೇಳಿದರೆ ಕರೆದುಕೊಂಡು ಹೋಗಿ ಕೂರಿಸುತ್ತಾರೆ.

ದುರ್ಗದ ಮಾಸ್ತರ್:
8ನೇ ಮೈಲಿಯಲ್ಲಿ ಹೆದ್ದಾರಿ ಪಕ್ಕ ಇಳಿದು, ಸರ್ವಿಸ್ ರೋಡಿನ ಆಟೋ ಬೈಕುಗಳ ನಡುವೆ ಮೆಟ್ಟಿಲು ಹುಡುಕಬೇಕು. ಮೆಟ್ರೋ ಚೆನ್ನಾಗಿದೆ ಮಾರಾಯ, ಮೆಟ್ರೋ ತನಕ ಹೋಗೋದೇ ಕಷ್ಟ.

ಬೆಂಗಳೂರು ಸೇರಿದ ದಾವಣಗೆರೆಯವ:
ಒಪ್ಪಿದೆ. ನನಗೆ ಅಲ್ಲಿ ಒಬ್ಬ ಗೆಳೆಯ ಬಂದು ಕಾಯುತ್ತಿದ್ದ. ಅದನ್ನು ಬರೆಯಲಿಲ್ಲ, ತಪ್ಪು. ಹಾಗಾದರೆ ರೈಲಿನಲ್ಲಿ ಯಶವಂತಪುರಕ್ಕೆ ಬಂದು ಅಲ್ಲಿಂದ ಹಸಿರು ಮಾರ್ಗ ಹಿಡಿಯೋದು ಮೇಲು. ಅಲ್ಲೂ ಸ್ಟೇಷನ್ನಿನಿಂದ ಮೆಟ್ರೋ ತನಕ ಮೊದಲ ಸಲ ಯಾರಾದರೂ ಜೊತೆಗಿರಲಿ. ಎರಡನೇ ಸಲಕ್ಕೆ ಕಾಲಿಗೆ ನೆನಪಿರುತ್ತೆ.

ಅಶೋಕ ರೋಡ್ ಗೇಟು:
ಆ ಹಳದಿ ಟೈಲ್ಸ್ ಅದಕ್ಕಾ ಇರೋದು! ನಾನು ಕಾಲು ಜಾರದಿರಲಿ ಅಂತ ಹಾಕಿದ್ದಾರೆ ಅಂದುಕೊಂಡಿದ್ದೆ.

ಬೆಂಗಳೂರು ಸೇರಿದ ದಾವಣಗೆರೆಯವ:
ಉದ್ದ ಗೆರೆ ಇದ್ದರೆ ಮುಂದೆ ನಡಿ, ಗುಂಡು ಚುಕ್ಕೆ ಇದ್ದರೆ ನಿಲ್ಲು. ಜಪಾನಿನ ಸೆಯಿಚಿ ಮಿಯಾಕೆ 1965ರಲ್ಲಿ ಮಾಡಿದ್ದು, ಮೊದಲು ಹಾಕಿದ್ದು 1967ರಲ್ಲಿ ಒಕಾಯಾಮಾ ಊರಲ್ಲಿ. ನಮ್ಮ ಕಡೆ ಅದರ ಮೇಲೆ ಬೈಕ್ ನಿಲ್ಲಿಸುತ್ತಾರೆ. ಒಂದು ಊರಿನ ಫುಟ್‌ಪಾತಿನಲ್ಲಿ ಗೆರೆ ಹಿಡಿದು ಹೋದೆ, ನೆಟ್ಟಗೆ ಲೈಟ್ ಕಂಬಕ್ಕೆ ಹಣೆ.

ಮಂಡಕ್ಕಿ ಮಿರ್ಚಿ:
😂 ಕ್ಷಮಿಸಿ, ನಗಬಾರದಿತ್ತು.

ಬೆಂಗಳೂರು ಸೇರಿದ ದಾವಣಗೆರೆಯವ:
ನಗಿ ನಗಿ, ಈಗ ನನಗೂ ನಗುವೇ. ಅಂದಹಾಗೆ ನಿಮ್ಮ ಹೆಸರು ನೋಡಿ ನೆನಪಾಯಿತು. ಊರಲ್ಲಿ ನನಗೆ ದಾರಿ ತೋರಿಸೋದು ಮೂಗು. ಮಂಡಕ್ಕಿ ಭಟ್ಟಿಯ ಹುರಿದ ವಾಸನೆ ಬಂತು ಅಂದ್ರೆ ಆಟೋದವನು ಸುತ್ತು ಹಾಕುತ್ತಿದ್ದಾನೆ ಅಂತ ಅರ್ಥ. ತವಾ ಮೇಲೆ ಬೆಣ್ಣೆ ಕರಗೋ ವಾಸನೆ ಬಂದರೆ ನಮ್ಮ ತಿರುವು ಬಂತು ಅಂತ.

ಹರಿಹರ ಪ್ಯಾಸೆಂಜರ್:
ದಾವಣಗೆರೆಯಲ್ಲಿ ಬೆಣ್ಣೆ ದೋಸೆ ವಾಸನೆ ನಂಬಿ ತಿರುಗಿದರೆ ಮನೆಗೆ ಸೇರಿದ ಹಾಗೇ. ಎಲ್ಲ ತಿರುವಿನಲ್ಲೂ ಅದೇ ಅಲ್ವಾ?

ಶಾಂತಕ್ಕ ಚನ್ನಗಿರಿ:
ನಾವು ಕಣ್ಣಿದ್ದವರು ಸಹಾಯ ಮಾಡೋದು ಹೇಗೆ? ಕೈ ಹಿಡಿದುಕೊಂಡು ರಸ್ತೆ ದಾಟಿಸಿದರೆ ಕೆಲವರು ಸಿಟ್ಟಾಗುತ್ತಾರೆ.

ಎಂ.ಸಿ.ಸಿ. ಬಿ ಬ್ಲಾಕ್:
ಮೊದಲು ಕೇಳಿ, "ಬೇಕಾ" ಅಂತ. ಬೇಕು ಅಂದರೆ ನಮ್ಮ ಕೈ ಎಳೆಯಬೇಡಿ, ಕೋಲಂತೂ ಮುಟ್ಟಲೇಬೇಡಿ. ನಿಮ್ಮ ಮೊಣಕೈ ಕೊಡಿ, ನಾವು ಅದರ ಸ್ವಲ್ಪ ಮೇಲೆ ಹಿಡಿದು ಅರ್ಧ ಹೆಜ್ಜೆ ಹಿಂದೆ ಬರುತ್ತೇವೆ. ನೀವು ಮೆಟ್ಟಿಲು ಇಳಿದರೆ ನಿಮ್ಮ ತೋಳಿನಿಂದಲೇ ತಿಳಿಯುತ್ತದೆ. ಮತ್ತೆ "ಅಗೋ ಅಲ್ಲಿ ಕಾಣ್ತೈತಲ್ಲ, ಅಲ್ಲೇ" ಅಂತ ಬೆರಳು ತೋರಿಸೋದು ಬಿಡಿ! ಹತ್ತರಲ್ಲಿ ಎಂಟು ಜನ ಹಾಗೇ ಹೇಳುತ್ತಾರೆ. ಬಲಕ್ಕೆ ಎಷ್ಟು ಹೆಜ್ಜೆ, ಅಷ್ಟು ಹೇಳಿ ಸಾಕು.

ಜಗಳೂರು ಗಾಳಿ:
ಮೈಸೂರಿನ ಸಿಟಿ ಬಸ್ಸುಗಳಲ್ಲಿ "ಧ್ವನಿ ಸ್ಪಂದನ" ಅಂತ ಮಾಡಿದ್ದಾರೆ. ಕೈಯಲ್ಲಿ ಒಂದು ಸಣ್ಣ ಯಂತ್ರ, ಗುಂಡಿ ಒತ್ತಿದರೆ ಬಸ್ಸೇ ತನ್ನ ನಂಬರು ಕೂಗುತ್ತದೆ. ಬಾಗಿಲು ಎಲ್ಲಿದೆ ಅಂತಾನೂ ಆ ಶಬ್ದದಿಂದ ಗೊತ್ತಾಗುತ್ತೆ. ನಮ್ಮಲ್ಲಿಗೆ ಯಾವಾಗ ಬರುತ್ತೋ.

ಟಿಕೆಟ್ ಟಿಕೆಟ್ (ನಿವೃತ್ತ):
ನಮ್ಮ ಕಾಲದಲ್ಲಿ ನಾವೇ ಧ್ವನಿ ಸ್ಪಂದನ. ಈಗಿನ ಹುಡುಗರು ಕೂಗೋದೇ ಬಿಟ್ಟಿದ್ದಾರೆ, ಬೋರ್ಡ್ ಓದಿಕೊಳ್ಳಿ ಅಂತಾರೆ.

ಎಂ.ಸಿ.ಸಿ. ಬಿ ಬ್ಲಾಕ್:
ಮೊಬೈಲಿನಲ್ಲಿ ನನ್ನ ಮೂರು: ಪರದೆ ಮೇಲಿರೋದನ್ನು ಓದಿ ಹೇಳೋ ಟಾಕ್‌ಬ್ಯಾಕ್, ವೇರ್ ಈಸ್ ಮೈ ಟ್ರೇನ್, ರಿಸರ್ವ್ ಬ್ಯಾಂಕಿನ ಮಣಿ ಆ್ಯಪ್. ಎರಡನೆಯದು ಇಂಟರ್ನೆಟ್ ಇಲ್ಲದಿದ್ದರೂ ಮೊಬೈಲ್ ಟವರ್ ಹಿಡಿದು ಎಲ್ಲಿದ್ದೇವೆ ಅಂತ ಹೇಳುತ್ತೆ. ಚಿಕ್ಕಜಾಜೂರು ದಾಟಿತು ಅಂದ್ರೆ ಎದ್ದು ಬ್ಯಾಗ್ ಹೆಗಲಿಗೆ ಹಾಕಿಕೊಳ್ಳುತ್ತೇನೆ. ಮಣಿ ಆ್ಯಪ್ ನೋಟು ಎಷ್ಟರದು ಅಂತ ಹೇಳುತ್ತೆ.

ದುರ್ಗದ ಮಾಸ್ತರ್:
ಫೋನ್ ನಂಬಿ ಹೊರಟವನಿಗೆ ಚಾರ್ಜ್ ಮುಗಿದರೆ ಎರಡನೇ ಸಲ ಕುರುಡು. ಬೇಕಾದ ನಂಬರು ನಾಲ್ಕು ಬಾಯಿಪಾಠ ಇರಲಿ.

ಅಶೋಕ ರೋಡ್ ಗೇಟು:
ಕೆಲಸಕ್ಕೆ, ಓದಿಗೆ ಹೋಗೋದು ಸರಿ. ಆದರೆ ಸುಮ್ನೆ ಪ್ರವಾಸಕ್ಕೆ ಹೋಗುತ್ತೀರಾ? ಮಾಸ್ತರ್ ಇರೋದೇ ದುರ್ಗದಲ್ಲಿ. ಕೋಟೆಗೆ ಹೋದರೆ ನಿಮಗೆ ಏನು ಸಿಗುತ್ತೆ?

ದುರ್ಗದ ಮಾಸ್ತರ್:
ಹತ್ತಿಪ್ಪತ್ತು ಸಲ ಹತ್ತಿದ್ದೇನೆ. ನೀವು ಫೋಟೋ ತೆಗೆದು ಇಳಿಯುತ್ತೀರಿ. ನನಗೆ ಬಾಗಿಲು ದಾಟಿದ ಕೂಡಲೇ ದಾರಿಯ ತಿರುವು ಕಿವಿಗೆ ಬರುತ್ತೆ, ಸದ್ದು ಒಂದು ಕಡೆ ಗೋಡೆಗೆ ಬಡಿದು ಹಿಂದಕ್ಕೆ ಬರುತ್ತದಲ್ಲ, ಅದರಿಂದ. ಓಬವ್ವನ ಕಿಂಡಿಯಲ್ಲಿ ಎರಡೂ ಕೈ ಚಾಚೋಕೆ ಆಗಲ್ಲ. ಎಡ ಭುಜಕ್ಕೆ ಬಂಡೆ, ಬಲ ಭುಜಕ್ಕೆ ಬಂಡೆ, ಏಪ್ರಿಲ್ ಬಿಸಿಲಲ್ಲೂ ಒಳಗೆ ತಣ್ಣಗೆ. ಜನ ಸವೆಸಿ ಸವೆಸಿ ಕೈ ತಾಗೋ ಜಾಗ ನುಣ್ಣಗಾಗಿದೆ, ಒಂದು ಗೇಣು ಮೇಲೆ ಮುಟ್ಟಿದರೆ ಒರಟು. ತಲೆ ತಗ್ಗಿಸಿ, ಮೈ ಓರೆ ಮಾಡಿ ಹೊರಗೆ ಬಂದಾಗ ಗಾಳಿ ಮುಖಕ್ಕೆ ಹೊಡೆಯುತ್ತೆ. ಒಬ್ಬೊಬ್ಬರೇ ನುಸುಳಬೇಕಾದ ಜಾಗದಲ್ಲಿ ಒಂದು ಒನಕೆ ಹೇಗೆ ಸಾಕಾಯಿತು ಅಂತ ನನ್ನ ಭುಜಕ್ಕೆ ಗೊತ್ತು. ನಮ್ಮ ಶಾಲೆ ಮಕ್ಕಳಿಗೆ ಈ ಪಾಠ ನಾನು ಮಾಡಿದ ಹಾಗೆ ಬೇರೆ ಯಾರೂ ಮಾಡಲ್ಲ, ಜಂಬ ಅನ್ನಿ ಬೇಕಾದರೆ.

ಆದರೆ ಮಳೆಗಾಲದಲ್ಲಿ ಹೋಗಲ್ಲ. ಬಂಡೆ ಜಾರುತ್ತೆ.

ಅಶೋಕ ರೋಡ್ ಗೇಟು:
ಪ್ರಶ್ನೆ ವಾಪಸ್ ತಗೊಂಡೆ ಸಾರ್.

ಜಗಳೂರು ಗಾಳಿ:
ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಆ ಕಾಲದಲ್ಲೇ ನಾಡೆಲ್ಲ ಸುತ್ತಿದರು. ಗದಗದ ಆಶ್ರಮ ಕಟ್ಟಿದ್ದು ಹಾಗೆ. ಮನಸ್ಸಿದ್ದರೆ ಎಲ್ಲ ಆಗುತ್ತೆ ತಮ್ಮಾ.

ವಿದ್ಯಾನಗರದ ಹುಡುಗ:
ಅಣ್ಣ, ಅವರಿಗೆ ಕೈ ಮುಗಿಯುತ್ತೇನೆ. ಆದರೆ ನಮ್ಮ ವಿಷಯ ಬಂದ ಕೂಡಲೇ ಮಹಾತ್ಮರನ್ನೇ ಯಾಕೆ ತರುತ್ತೀರಿ? ನನಗೆ ಬೇಕಿರೋದು ಯಶವಂತಪುರದ ತನಕ ಒಂದು ಟಿಕೆಟ್ ಅಷ್ಟೇ.

ಎಂ.ಸಿ.ಸಿ. ಬಿ ಬ್ಲಾಕ್:
👏👏

ವಿದ್ಯಾನಗರದ ಹುಡುಗ (ಹನ್ನೆರಡು ದಿನ ಆದ ಮೇಲೆ):
ಹೋಗಿ ಬಂದೆ. ರೈಲು. ಬೆಳಗಿನದ್ದು ಹಿಡಿದೆ, ಬೆಳಕಿರುವಾಗಲೇ ಇಳಿಯೋ ಲೆಕ್ಕ. ಫುಲ್ ಚಾರ್ಜೇ ಕೊಟ್ಟೆ. ತಮ್ಮ ಬೋಗಿ ತನಕ ಬಂದು ಕೂರಿಸಿ ಹೋದ. ಯಶವಂತಪುರದಲ್ಲಿ ಹಾಸ್ಟೆಲಿನ ಒಬ್ಬರು ಬಂದಿದ್ದರು, ಮೆಟ್ರೋ ತನಕ ಅವರ ಮೊಣಕೈ ಹಿಡಿದು ಹೋದೆ. ಎಷ್ಟು ಮೆಟ್ಟಿಲು, ಎಲ್ಲಿ ತಿರುವು ಅಂತ ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿಕೊಂಡೆ. ಈಗ ಅಮ್ಮನೂ ಕೇಳೋದು ಒಂದೇ, "ಎಲ್ಲಿ ಇಳಿಸ್ತಾರೆ?" ಇಲ್ಲಿ ಬರೆದಿದ್ದನ್ನೆಲ್ಲ ತಮ್ಮ ಓದಿ ಹೇಳಿದ್ದಾನೆ.

ವಾಪಸ್ ಬರುವಾಗ ಮಾತ್ರ ರೈಲು ತಡವಾಗಿ ಕತ್ತಲಾಯಿತು. ಪ್ಲಾಟ್‌ಫಾರ್ಮಿನಲ್ಲಿ ಕೋಲು ಬಿಡಿಸಿದೆ, ಜನ ತಾವೇ ದಾರಿ ಬಿಟ್ಟರು. ಆಟೋ ಇಳಿಯುವಾಗ ಮತ್ತೆ ಮಡಚಿ ಒಳಗಿಟ್ಟೆ. ಬೀದಿಯಲ್ಲಿ ಇನ್ನೂ ಧೈರ್ಯ ಬಂದಿಲ್ಲ.

ದುರ್ಗದ ಮಾಸ್ತರ್:
ಮುಂದಿನ ಸಲ ಯಾವತ್ತು ಹೊರಡುತ್ತೀಯ?

ವಿದ್ಯಾನಗರದ ಹುಡುಗ:
ಮುಂದಿನ ಸೋಮವಾರ ಬೆಳಿಗ್ಗೆ. ತಮ್ಮ ಬರಲ್ಲ, ಅಂಗಡಿಗೆ ಸರಕು ಬರುತ್ತಂತೆ.

ಹರಿಹರ ಪ್ಯಾಸೆಂಜರ್:
ಅದೇ ರೈಲಲ್ಲಿ ನಾನೂ ಇರುತ್ತೇನೆ. ಬೋಗಿ ನಂಬರ್ ಹಾಕು.